ಮಣ್ಣಿನ ಬೆನ್ನೇರಿದ ತಾಮ್ರ

ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಬಾವಿಗೆ ಕೊಡಪಾನ ಇಳಿಸಿದರೆ ಮೇಲೆ ಬರುವುದು ಕಷಾಯದ ಬಣ್ಣದ ನೀರು. ಈ ಸಲ ಒಂದು ಬಾಟಲಿ ತುಂಬಿಸಿಕೊಂಡು, ಅದರಲ್ಲಿ ತಾಮ್ರ ಎಷ್ಟಿದೆ ನೋಡಿ ಎಂದು ಪ್ರಯೋಗಾಲಯಕ್ಕೆ ಒಯ್ದೆ. ಅಲ್ಲಿಯವರು ಮೊದಲು ಮಾಡಿದ್ದೇ ಅದನ್ನು ಸೋಸುವ ಕೆಲಸ. ಸೋಸುಹಾಳೆಯ ರಂಧ್ರ 0.45 ಮೈಕ್ರೋಮೀಟರ್. ಬಿಳಿ ಬಿಲ್ಲೆಯ ಮೇಲೆ ಕೆಂಪು ಕೆಸರು ಕುಂಕುಮದ ಬೊಟ್ಟಿನಂತೆ ಕುಳಿತಿತು. ಬೊಟ್ಟು ಕಸದ ಬುಟ್ಟಿಗೆ ಹೋಯಿತು. ಕೆಳಗಿಳಿದ ತಿಳಿನೀರಿಗೆ "ತಾಮ್ರ ಮಿತಿಯೊಳಗಿದೆ" ಎಂಬ ಮೊಹರು ಬಿತ್ತು.

"ನಾವು ಕುಡಿಯುವುದು ಆ ಕೆಂಪು ನೀರನ್ನಲ್ಲವೇ?"

"ಅದು ಮಣ್ಣು ಮಾರಾಯರೇ. ನಮ್ಮದು ನೀರಿನ ವಿಭಾಗ."

ಮಣ್ಣಿನವರನ್ನು ಕೇಳಿದೆ. "ತಾಮ್ರ ಜೇಡಿಗೆ ಗಟ್ಟಿಯಾಗಿ ಅಂಟುತ್ತದೆ, ಎಲ್ಲಿಗೂ ಹೋಗುವುದಿಲ್ಲ" ಎಂದರು. ಅಂಟುವುದು ನಿಜ. ಕೊಳೆರೋಗಕ್ಕೆಂದು 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ ಬೆರೆಸಿ ವರ್ಷಾನುವರ್ಷ ಗೊನೆಗೆ ಹೊಡೆದ ಬೋರ್ಡೋ ದ್ರಾವಣ ತೊಟ್ಟಿಕ್ಕಿ ನೆಲ ಸೇರುತ್ತದೆ. ಜೇಡಿಯ ಕಣ ಅದರ ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆದರೆ ಜೇಡಿಯನ್ನು ಹಿಡಿದವರು ಯಾರು? ಮಳೆನೀರಿನಲ್ಲಿ ಲವಣ ಕಡಿಮೆ, ಹಾಗಾಗಿ ನುಣ್ಣನೆಯ ಕಣಗಳು ಒಂದಕ್ಕೊಂದು ಅಂಟದೆ ತೇಲುತ್ತವೆ. ಎರೆಹುಳುವಿನ ದಾರಿ, ಸತ್ತ ಬೇರಿನ ಪೊಳ್ಳು, ಜಂಬಿಟ್ಟಿಗೆಯ ತೂತು, ಸಿಕ್ಕಿದ್ದರಲ್ಲಿ ನುಸುಳಿ ಕೆಳಗಿಳಿಯುತ್ತವೆ. ತಾಮ್ರ ನಡೆಯುವುದಿಲ್ಲ, ಒಪ್ಪಿದೆ. ಬಸ್ಸಿನಲ್ಲಿ ಕುಳಿತವನೂ ನಡೆಯುವುದಿಲ್ಲ.

ಅಮೆರಿಕದ ನೆವಾಡದಲ್ಲಿ 1968ರಲ್ಲಿ ನೆಲದಡಿ ಸಿಡಿಸಿದ ಅಣುಬಾಂಬಿನ ಪ್ಲುಟೋನಿಯಂ ಇಂಥದೇ ಕಣಗಳ ಬೆನ್ನೇರಿ 1.3 ಕಿಲೋಮೀಟರ್ ದೂರದ ಅಂತರ್ಜಲದಲ್ಲಿ ಸಿಕ್ಕಿಬಿದ್ದ ಸಂಗತಿ 1999ರಲ್ಲಿ ಹೊರಬಿತ್ತು. ಅದೂ ಬಂಡೆಗೆ ಅಂಟಿಕೊಂಡು ಕೂರಬೇಕಾದ ಆಸಾಮಿಯೇ. ನಮ್ಮ ಮೈಲುತುತ್ತಕ್ಕೆ ಮಾತ್ರ ಅಷ್ಟು ಸಂಕೋಚವೇ?

ಸೋಸುಹಾಳೆಯದು ಇನ್ನೊಂದು ತಮಾಷೆ. 0.45ಕ್ಕಿಂತ ದಪ್ಪನೆಯ ಕಣ ಹಾಳೆಯ ಮೇಲೆ ಉಳಿದು ಬುಟ್ಟಿ ಸೇರುತ್ತದೆ. ಅದಕ್ಕಿಂತ ಸಣ್ಣದು ನುಸುಳಿ ಹೋಗಿ, ಕರಗದೆಯೂ "ಕರಗಿದ್ದು" ಎಂದು ದಾಖಲಾಗುತ್ತದೆ. "ಮಣ್ಣಿನ ಮೇಲೆ ಕುಳಿತು ಬಂದದ್ದು" ಎಂಬ ಕಲಂ ನನಗೆ ಕೊಟ್ಟ ನಮೂನೆಯಲ್ಲಿ ಇರಲಿಲ್ಲ.

ಹೊರಡುವಾಗ ಸಾಹೇಬರಿಗೆ ನನ್ನ ಮೇಲೆ ಕನಿಕರ ಬಂದಿತು. "ಏಪ್ರಿಲ್‌ನಲ್ಲಿ ತನ್ನಿ. ಆಗ ಈ ಕೆಂಪಿನ ರಗಳೆ ಇರುವುದಿಲ್ಲ."

"ಏಪ್ರಿಲ್‌ನಲ್ಲಿ ಬಾವಿಯಲ್ಲಿ ನೀರೇ ಇರುವುದಿಲ್ಲವಲ್ಲ?"

"ಮತ್ತೆ? ತಾಮ್ರವೂ ಇರುವುದಿಲ್ಲ."