ಕೊಟ್ಟವನೇ ವೀರಭದ್ರ

ಕೊಟ್ಟವನು ಕೋಡಂಗಿ, ಇಸಿದುಕೊಂಡವನು ವೀರಭದ್ರ ಎಂಬ ಗಾದೆಯನ್ನು ಕಟ್ಟಿದವರಿಗೆ ವಿದೇಶಿ ನೆರವಿನ ಪರಿಚಯ ಇರಲಿಲ್ಲವೆಂಬುದು ಸ್ಪಷ್ಟ. ಕೈಗಡ ಕೊಟ್ಟು ಕೈಸುಟ್ಟುಕೊಂಡ ಬಡಪಾಯಿಗಳನ್ನು ನೋಡಿ ಅವರು ಹಾಗೆಂದಿರಬೇಕು. ದೇಶದೇಶಗಳ ನಡುವೆ ಕೊಡುವುದೆಂಬುದು ಒಂದು ಕಲೆಯಾಗಿ ಬೆಳೆದಿದ್ದು, ಅದರಲ್ಲಿ ಪಳಗಿದವರು ದುಡ್ಡನ್ನು ತಮ್ಮ ಹೊಸ್ತಿಲು ದಾಟಲು ಬಿಡದೆ, ಕೊಟ್ಟ ಹೆಸರನ್ನು ಮಾತ್ರ ಸಮುದ್ರದಾಚೆಗೆ ಕಳಿಸಬಲ್ಲರು.

ಅಮೆರಿಕವು 1954ರಿಂದ ನಡೆಸಿಕೊಂಡು ಬಂದ ಆಹಾರ ನೆರವನ್ನೇ ನೋಡಿ. ಹಸಿದವರಿಗೆ ಹೋಗುವ ಕಾಳು ಬಹುಮಟ್ಟಿಗೆ ಅಮೆರಿಕದ ಹೊಲದಲ್ಲೇ ಬೆಳೆದಿರಬೇಕು, ಅದರಲ್ಲಿ ಕನಿಷ್ಠ ಅರ್ಧದಷ್ಟು ಅಮೆರಿಕದ ಬಾವುಟ ಹೊತ್ತ ಹಡಗಿನಲ್ಲೇ ಸಾಗಬೇಕು. ಹಸಿದ ದೇಶದ ಪಕ್ಕದ ಜಿಲ್ಲೆಯಲ್ಲೇ ಬೆಳೆ ಚೆನ್ನಾಗಿ ಬಂದು, ಕೊಳ್ಳುವವರಿಲ್ಲದೆ ರೈತ ಕಣದಲ್ಲಿ ಕುಳಿತಿದ್ದರೂ ಕಾಳು ಸಾಗರ ದಾಟಿಯೇ ಬರುತ್ತದೆ. ಅದು ತಡವಾಗಿ ಬಂದು ಮಾರುಕಟ್ಟೆಗೆ ಸುರಿದರೆ ಆ ರೈತನ ಕಾಳಿನ ಬೆಲೆಯೂ ಬೀಳುತ್ತದೆ. ಹೀಗೆ ಮೊದಲು ಹಸಿದವನೊಬ್ಬನೇ ನೆರವಿಗೆ ಅರ್ಹನಾಗಿದ್ದರೆ, ಈಗ ಬೆಳೆದವನೂ ಅರ್ಹನಾಗುತ್ತಾನೆ.

ಹಡಗು ಬಿಡುವ ತಾಪತ್ರಯವೂ ಬೇಡವೆನ್ನುವವರಿಗೆ ಇನ್ನೂ ಸುಲಭದ ದಾರಿಯಿದೆ. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ನಿಯಮದಂತೆ, ನಿರಾಶ್ರಿತರನ್ನು ತಮ್ಮ ನೆಲದಲ್ಲೇ ಇರಿಸಿಕೊಂಡ ಮೊದಲ ವರ್ಷದ ಖರ್ಚನ್ನೂ ವಿದೇಶಿ ನೆರವಿನ ಖಾತೆಗೆ ಬರೆಯಬಹುದು. 2022ರಲ್ಲಿ ಬ್ರಿಟನ್ನಿನ ನೆರವಿನ ಕಾಲು ಭಾಗಕ್ಕಿಂತ ಹೆಚ್ಚು ಹಣ ಹೀಗೆ ಬ್ರಿಟನ್ನಿನಲ್ಲೇ ಖರ್ಚಾಯಿತು. ನಿರಾಶ್ರಿತರಿಗೆ ಸೂರು ಕೊಟ್ಟದ್ದು ಒಳ್ಳೆಯ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಡಿಗೆ ಎಣಿಸಿಕೊಂಡ ಇಂಗ್ಲೆಂಡಿನ ಹೋಟೆಲ್ ಮಾಲೀಕರು ಯಾವ ಹಿಂದುಳಿದ ದೇಶದವರೆಂಬುದು ಮಾತ್ರ ನನಗಿನ್ನೂ ಬಗೆಹರಿದಿಲ್ಲ.

ಇನ್ನು, ಯಾವ ಕಪಟವೂ ಇಲ್ಲದ ಶುದ್ಧ ಔದಾರ್ಯದ ಮಾದರಿಯನ್ನು ನೋಡಬೇಕೆಂದರೆ ಕೀನ್ಯದ ವಾಯವ್ಯ ಮೂಲೆಯ ತುರ್ಕಾನಾ ಸರೋವರದ ದಂಡೆಗೆ ಹೋಗಬೇಕು. ಕೆಂಡದಂಥ ಬಿಸಿಲಿನ ಆ ಬರಡು ಸೀಮೆಯ ತುರ್ಕಾನಾ ಜನ ತಲೆತಲಾಂತರದಿಂದ ದನ, ಆಡು, ಒಂಟೆಗಳನ್ನು ಮೇಯಿಸಿಕೊಂಡು ಬಂದವರು. ಅವರ ಬಡತನವನ್ನು ಕಂಡು ಮರುಗಿದ ನಾರ್ವೆಗೆ ತಕ್ಷಣ ಹೊಳೆದ ಔಷಧಿ ಮೀನು, ಏಕೆಂದರೆ ನಾರ್ವೆಗೆ ಚೆನ್ನಾಗಿ ಗೊತ್ತಿದ್ದದ್ದು ಮೀನೇ. 1971ರಲ್ಲಿ ಆರಂಭವಾದ ಈ ಯೋಜನೆಗೆ ಸುಮಾರು 2.2 ಕೋಟಿ ಡಾಲರ್ ಸುರಿದು, ಮೀನನ್ನು ಹೆಪ್ಪುಗಟ್ಟಿಸುವ ಕಾರ್ಖಾನೆಯೊಂದನ್ನು ಎಬ್ಬಿಸಲಾಯಿತು. ಮರಳುಗಾಡಿನ ಆ ಸೆಕೆಯಲ್ಲಿ ಮೀನನ್ನು ಮಂಜುಗಡ್ಡೆಯಾಗಿಸುವ ಖರ್ಚು ಮೀನಿನ ಬೆಲೆಯನ್ನೂ ಮೀರುತ್ತದೆಂಬುದು, ತೊಳೆಯಲು ಬೇಕಾದಷ್ಟು ಶುದ್ಧ ನೀರು ಅಲ್ಲಿಲ್ಲವೆಂಬುದು ಯಂತ್ರ ತಿರುಗಿಸಿದ ಮೇಲೆ ತಿಳಿಯಿತು. ಕಾರ್ಖಾನೆ ಕೆಲವೇ ದಿನ ನಡೆದು ಬಾಗಿಲು ಹಾಕಿತು. ದನ ಕಾಯುವವನೊಬ್ಬನನ್ನು ಕರೆದು ಇಲ್ಲಿ ಎಷ್ಟು ಸೆಕೆಯಪ್ಪಾ ಎಂದು ಕೇಳಿದ್ದರೆ ಪುಕ್ಕಟೆಯಾಗಿಯೇ ತಿಳಿಯಬಹುದಾಗಿದ್ದ ಸಂಗತಿಯಿದು. ಆದರೆ ಪುಕ್ಕಟೆ ಸಲಹೆಯನ್ನು ಯೋಜನಾ ವರದಿಯಲ್ಲಿ ಯಾವ ಕಲಮಿನಡಿ ತೋರಿಸುವುದು?

ನೆರವು ಬೇಡ, ಬಂಡವಾಳ ಬರಲಿ ಎಂದು ಸ್ವಾಭಿಮಾನ ಮೆರೆಯುವವರಿಗೂ ವ್ಯವಸ್ಥೆಯಿದೆ. 2019ರ ಜುಲೈ ಆರಂಭದಲ್ಲಿ ವಾಷಿಂಗ್ಟನ್ನಿನಲ್ಲಿರುವ ಅಂತರರಾಷ್ಟ್ರೀಯ ಹಣಕಾಸು ನಿಧಿಯು ಪಾಕಿಸ್ತಾನಕ್ಕೆ 600 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಅದೇ ತಿಂಗಳು, ಅದೇ ವಾಷಿಂಗ್ಟನ್ನಿನಲ್ಲಿ, ವಿಶ್ವಬ್ಯಾಂಕ್ ಬಳಗದ ಮಧ್ಯಸ್ಥಿಕೆ ಕೇಂದ್ರದ ನ್ಯಾಯಮಂಡಳಿಯು, ಬಲೂಚಿಸ್ತಾನದ ರೆಕೊ ಡಿಕ್ ಎಂಬಲ್ಲಿ ತಾಮ್ರ-ಚಿನ್ನದ ಗಣಿ ತೋಡಲು ವಿದೇಶಿ ಕಂಪನಿಯೊಂದಕ್ಕೆ ಪರವಾನಗಿ ನಿರಾಕರಿಸಿದ ತಪ್ಪಿಗೆ ಆ ಕಂಪನಿಗೆ ಸುಮಾರು 580 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಅದೇ ಪಾಕಿಸ್ತಾನಕ್ಕೆ ಆದೇಶಿಸಿತು. ಕಂಪನಿ ಅಲ್ಲಿ ಹೂಡಿದ್ದು 22 ಕೋಟಿಯ ಆಸುಪಾಸು. ಉಳಿದದ್ದು ತೋಡದ ಗಣಿಯಿಂದ ಬರಬಹುದಾಗಿದ್ದ ಲಾಭ ಮತ್ತು ಅದರ ಮೇಲಿನ ಬಡ್ಡಿ. ಮುಂದೆ 2022ರಲ್ಲಿ ರಾಜಿಯಾಗಿ, ಗಣಿಯ ಅರ್ಧ ಪಾಲು ಆ ಕಂಪನಿಯ ಒಡೆಯರಲ್ಲೊಬ್ಬರಾದ, ಕೆನಡಾದ ಗಣಿ ಸಂಸ್ಥೆ ಬ್ಯಾರಿಕ್‌ಗೇ ಸಂದಿತು.

ಸಾಲದ ಆಯುಷ್ಯವಂತೂ ಬೆರಗು ಹುಟ್ಟಿಸುವಂಥದ್ದು. ಜಾಂಬಿಯ 1979ರಲ್ಲಿ ರೊಮೇನಿಯದಿಂದ ಸಾಲದ ಮೇಲೆ ಟ್ರ್ಯಾಕ್ಟರುಗಳನ್ನು ಕೊಂಡಿತು. ತೀರದೆ ಬೆಳೆದು ಕೂತ ಆ ಸಾಲವನ್ನು 1999ರಲ್ಲಿ ಡೊನೆಗಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ 33 ಲಕ್ಷ ಡಾಲರಿನ ಆಸುಪಾಸಿನಲ್ಲಿ ಕೊಂಡು, 5.5 ಕೋಟಿ ಕೊಡಿರೆಂದು ಲಂಡನ್ನಿನಲ್ಲಿ ದಾವೆ ಹೂಡಿತು. ಈ ನಡುವೆ 2005ರಲ್ಲಿ ಶ್ರೀಮಂತ ದೇಶಗಳು ಜಾಂಬಿಯದ ಬಹುಪಾಲು ಸಾಲವನ್ನು ಮನ್ನಾ ಮಾಡಿ ಧನ್ಯವಾದ ಸ್ವೀಕರಿಸಿದ್ದವು. ನ್ಯಾಯಾಲಯ 2007ರಲ್ಲಿ ಸುಮಾರು 1.5 ಕೋಟಿ ಡಾಲರ್ ಕೊಡಿಸಿತು. ಇಪ್ಪತ್ತೆಂಟು ವರ್ಷ ಉತ್ತ ಟ್ರ್ಯಾಕ್ಟರು ಯಾವ ಸ್ಥಿತಿಯಲ್ಲಿರುತ್ತದೆಂದು ಯಾವ ರೈತನನ್ನು ಕೇಳಿದರೂ ಹೇಳಿಯಾನು. ಅದರ ಸಾಲ ಮಾತ್ರ ಹೊಸದರಂತೆಯೇ ಓಡುತ್ತಿತ್ತು.