ಬೈಕ್ ಒರೆಸೋಕೆ ಹೋದ ಜೆರ್ಸಿ

ನಾನು ಬಳ್ಳಾರಿಯವನು. ಕೆಲಸಕ್ಕೆ ಅಂತ ಕೋಲ್ಕತ್ತಾ ಸೇರಿ ಒಂಬತ್ತು ವರ್ಷವಾಯಿತು. ದೀಪಾವಳಿಗೆ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಎರಡು ರಾತ್ರಿ ಕಳೆದು ಊರು. 2023ರಲ್ಲಿ ಹಾಗೆ ಹೋದಾಗ ಬ್ಯಾಗಿನಲ್ಲಿ ಅಕ್ಕನಿಗೊಂದು ಸೀರೆ, ಅಳಿಯನಿಗೊಂದು ಫುಟ್‌ಬಾಲ್ ಜೆರ್ಸಿ ಇತ್ತು. ಹುಡುಗನಿಗೆ ಫುಟ್‌ಬಾಲ್ ಹುಚ್ಚು. ಕೋಲ್ಕತ್ತಾ ಅಂದ್ರೆ ಮೋಹನ್ ಬಗಾನ್ ಕ್ಲಬ್, ಅದಕ್ಕಿಂತ ಒಳ್ಳೇದು ಏನಿದೆ ಅಂದುಕೊಂಡು ಎಸ್ಪ್ಲನೇಡ್ ಹತ್ತಿರದ ಮೈದಾನ್ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡಿ ತಂದಿದ್ದೆ.

ಅವನು ಕವರ್ ಬಿಚ್ಚಿದ. ಹಸಿರು-ಮೆರೂನ್ ಪಟ್ಟೆ ಕಂಡಿದ್ದೇ ತಡ, ಮುಖ ಬಾಡಿತು. 'ಚಲೋ ಐತಿ ಮಾಮ' ಅಂದ. ಅಷ್ಟೇ.

ಅವನು ಬೆಂಗಳೂರು ಎಫ್‌ಸಿ ಅಭಿಮಾನಿ. ಅದೇ ವರ್ಷ ಮಾರ್ಚ್‌ನಲ್ಲಿ ಗೋವಾದಲ್ಲಿ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ನ (ಇಂಡಿಯನ್ ಸೂಪರ್ ಲೀಗ್) ಫೈನಲ್. ಆಟ 2-2, ಆಮೇಲೆ ಪೆನಾಲ್ಟಿಯಲ್ಲಿ ಬೆಂಗಳೂರು ಸೋತಿತ್ತು. ಗೆದ್ದವರು ಯಾರು ಅಂತೀರಿ? ಇದೇ ಮೋಹನ್ ಬಗಾನ್. ಗಾಯಕ್ಕೆ ಉಪ್ಪನ್ನ ನಾನೇ ಎರಡು ರಾತ್ರಿ ರೈಲಿನಲ್ಲಿ ಹೊತ್ತು ತಂದಿದ್ದೆ. ಮುಂದಿನ ಸಲ ಹೋದಾಗ ಆ ಜೆರ್ಸಿ ಭಾವನ ಬೈಕ್ ಸೀಟಿನ ಕೆಳಗೆ ಸಿಕ್ಕಿತು. ಅರ್ಧ ಹರಿದಿತ್ತು, ಚೈನಿನ ಎಣ್ಣೆ ಹತ್ತಿತ್ತು.

ತಪ್ಪು ನಂದೇ, ಆದ್ರೆ ಸ್ವಲ್ಪ ನಮ್ಮ ಊರಿನ ರೂಢಿಯದೂ ಹೌದು. ನಮ್ಮ ಕಡೆ ಹಬ್ಬಕ್ಕೆ ಹುಡುಗರಿಗೆ ತರೋದು ಬಟ್ಟೆ. 'ಬೆಳೆಯೋ ಹುಡುಗ' ಅಂತ ಒಂದು ಸೈಜ್ ದೊಡ್ಡದೇ ತರ್ತೀವಿ. ಜೀನ್ಸ್ ಅಂತೂ ಊರಲ್ಲೇ ಹೊಲಿಯುತ್ತಾರೆ. ದಸರಾಕ್ಕೆ ಬನ್ನಿ ಎಲೆ ಕೈಗಿಟ್ಟು 'ಬಂಗಾರದಂಗ ಇರೋಣ' ಅಂತೀವಿ. ತಗೊಳ್ಳೋನಿಗೆ ಇಷ್ಟವೋ ಇಲ್ಲವೋ ಅನ್ನೋ ಮಾತೇ ಅಲ್ಲಿ ಬರಲ್ಲ.

ಕೋಲ್ಕತ್ತಾದಲ್ಲಿ ಆ ಮಾತೇ ಮೊದಲು ಬರುತ್ತದೆ. ದುರ್ಗಾಪೂಜೆಗೆ ಆಫೀಸಿನ ಗೆಳೆಯನಿಗೆ ಏನಾದ್ರೂ ಕೊಡೋಣ ಅಂತ ಇನ್ನೊಬ್ಬರ ಹತ್ತಿರ ವಿಚಾರಿಸಿದೆ. 'ಅವನು ಘೋಟಿನಾ, ಬಾಂಗಾಲಾ?' ಅಂತ ಮರುಪ್ರಶ್ನೆ. ಹಳೇ ಪಶ್ಚಿಮ ಬಂಗಾಳದವರು ಘೋಟಿ, ಪೂರ್ವ ಬಂಗಾಳದಿಂದ, ಅಂದ್ರೆ ಈಗಿನ ಬಾಂಗ್ಲಾದೇಶದಿಂದ ಬಂದವರು ಬಾಂಗಾಲ್. ಸಾಮಾನ್ಯವಾಗಿ ಘೋಟಿಗಳು ಮೋಹನ್ ಬಗಾನ್, ಬಾಂಗಾಲರು ಕೆಂಪು-ಚಿನ್ನದ ಬಣ್ಣದ ಈಸ್ಟ್ ಬೆಂಗಾಲ್ ಕ್ಲಬ್. ಮೀನಿನಲ್ಲೂ ಪಂಗಡ: ಒಬ್ಬರಿಗೆ ಸೀಗಡಿ, ಇನ್ನೊಬ್ಬರಿಗೆ ಹಿಲ್ಸಾ. ಅವನು ಘೋಟಿ ಅಂತ ಗೊತ್ತಾಯಿತು. 1911ರಲ್ಲಿ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಲ್ಲಿ ಸೋಲಿಸಿ ಐಎಫ್‌ಎ ಶೀಲ್ಡ್ ಟೂರ್ನಿ ಗೆದ್ದ ಮೋಹನ್ ಬಗಾನ್‌ನ ಹನ್ನೊಂದು ಜನರ ಹಳೇ ಫೋಟೋಗೆ ಕಟ್ಟು ಹಾಕಿಸಿ ಕೊಟ್ಟೆ. ಹನ್ನೊಂದರಲ್ಲಿ ಹತ್ತು ಮಂದಿ ಬರಿಗಾಲಿನಲ್ಲಿ ಆಡಿದವರು. ಅವನು ಕನ್ನಡಕ ತೆಗೆದು, ಫೋಟೋ ಹತ್ತಿರ ಹಿಡಿದು, ಬೂಟು ಹಾಕಿದ ಆ ಒಬ್ಬನನ್ನ ಬೆರಳಿಟ್ಟು ತೋರಿಸಿದ. ಫೋಟೋ ಜೆರ್ಸಿಗಿಂತ ಅಗ್ಗವಾಗಿತ್ತು.

ಹಾಗಂತ ಬಳ್ಳಾರಿಯಲ್ಲಿ ನೇರವಾಗಿ ಕೇಳಿ ನೋಡಿ. 'ಏನು ಬೇಕಪ್ಪ?' ಅಂದ್ರೆ 'ಏನೂ ಬ್ಯಾಡ ಮಾಮ, ನೀವು ಬಂದ್ರ ಸಾಕು' ಅಂತಾರೆ. ಪಕ್ಕದಲ್ಲಿ ಅಕ್ಕ ನಿಂತಿದ್ದರಂತೂ ಮುಗೀತು. ಹುಡುಗನ ಗೆಳೆಯರನ್ನ ಕೇಳಬೇಕು. ಇಲ್ಲ ಅಂದ್ರೆ ಮೊಬೈಲಿನ ವಾಲ್‌ಪೇಪರ್ ಸಾಕು, ಎಲ್ಲಾ ಹೇಳುತ್ತೆ. ಬೆಂಗಳೂರು ಎಫ್‌ಸಿ ನಮಗೇನು ದೂರದ್ದಲ್ಲ. ಅದರ ಅಕಾಡೆಮಿ ಹುಡುಗರು ಬೆಳೆದಿದ್ದು ತೋರಣಗಲ್ಲು ಹತ್ತಿರದ ವಿಜಯನಗರದಲ್ಲಿ, ಜಿಂದಾಲ್‌ನವರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಅನ್ನೋ ಕ್ರೀಡಾ ತರಬೇತಿ ಕೇಂದ್ರದಲ್ಲಿ. ಅಳಿಯನಿಗೆ ಆ ತಂಡದ ನೀಲಿ ಬಣ್ಣ ಮನೆಯ ಬಣ್ಣವೇ. ಇಷ್ಟು ವರ್ಷ ನಾನು ಗಮನಿಸಿರಲೇ ಇಲ್ಲ.

ಅಭಿಮಾನಿಗಳಿಗೆ ಅಂತ ಮಾರೋ ಉಣ್ಣೆ ಸ್ಕಾರ್ಫ್ ಬಗ್ಗೆ ಒಂದು ಮಾತು. ಯುರೋಪಿನ ಚಳಿಗೆ ಸರಿ. ಬಳ್ಳಾರಿ ಬಿಸಿಲಿಗೆ ಅದನ್ನ ಕೊಟ್ಟರೆ ಶಿಕ್ಷೆ. ಹುಡುಗ ಆಡೋನಾದ್ರೆ ಶೂ ಕೊಡಿಸಿ, ಆದ್ರೆ ಹುಲ್ಲಿಗೆ ಅಂತ ಮಾಡಿದ, ಅಡಿಯಲ್ಲಿ ಉದ್ದ ಸ್ಟಡ್ ಅನ್ನೋ ಮುಳ್ಳಿರೋದು ಬೇಡ. ನಮ್ಮ ಗಟ್ಟಿ ಮಣ್ಣಿನ ಮೈದಾನಕ್ಕೆ ಸಣ್ಣ ರಬ್ಬರ್ ಗುಬುಟಿನ ಟರ್ಫ್ ಶೂ ವಾಸಿ. ಚೆಂಡು ಆದ್ರೆ ದೊಡ್ಡವರಿಗೆ 5ನೇ ಸೈಜು, ಎಂಟು-ಹತ್ತು ವರ್ಷದವರಿಗೆ 4. ಆಟಗಾರರ ಸಹಿ ಇದೆ ಅಂತ ಆನ್‌ಲೈನಿನಲ್ಲಿ ಮಾರೋದನ್ನ ನಾನಂತೂ ನಂಬಲ್ಲ.

2024ರ ಜೂನ್ 6ರಂದು ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಭಾರತ-ಕುವೈತ್ ಪಂದ್ಯ ಇತ್ತು. ಭಾರತ ತಂಡದ ನಾಯಕ, ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಭಾರತಕ್ಕೆ ಆಡೋ ಕೊನೇ ಆಟ ಅಂತ ಹೇಳಿದ್ದರು. ಹೋಗಿದ್ದೆ. 0-0. ಆಟಕ್ಕಿಂತ ಕೊನೆಗೆ ಅವರು ಅತ್ತಿದ್ದೇ ಜಾಸ್ತಿ ನೆನಪು. ಟಿಕೆಟ್ಟನ್ನ ಮಡಚದೆ ಪುಸ್ತಕದೊಳಗೆ ಇಟ್ಟುಕೊಂಡು, ಆ ದೀಪಾವಳಿಗೆ ಅಳಿಯನ ಕೈಗೆ ಕೊಟ್ಟೆ. ಅಕ್ಕ ಮಾತ್ರ 'ಚೀಟಿ ಕೊಡಾಕ ಅಷ್ಟು ದೂರದಿಂದ ಬಂದ್ಯಾ?' ಅಂತ ನಕ್ಕಳು. ಅವನು ಮಾತಾಡಲಿಲ್ಲ. ಊಟಕ್ಕೆ ಕರೆದರೂ ಬರಲಿಲ್ಲ. ಸಂಜೆ ನೋಡಿದರೆ ಟಿಕೆಟ್ ಅವನ ಮೇಜಿನ ಗಾಜಿನ ಕೆಳಗೆ ಸೇರಿತ್ತು.

2025ರ ಮಾರ್ಚ್‌ನಲ್ಲಿ ಛೆಟ್ರಿ ಮತ್ತೆ ಭಾರತ ತಂಡಕ್ಕೆ ಬಂದರು. ಮಾಲ್ಡೀವ್ಸ್ ಮೇಲೆ ಗೋಲೂ ಹೊಡೆದರು. ಅವತ್ತು ರಾತ್ರಿನೇ ಅಳಿಯನ ಮೆಸೇಜು: 'ಮಾಮ, ಕೊನೀ ಮ್ಯಾಚಂತ ಕೊಟ್ಟಿದ್ರಿ. ಈ ಟಿಕೆಟ್ ಬದಲಿ ಮಾಡಿಕೊಡ್ರಿ.'