ಸ್ಪಷ್ಟನೆ: ಸೆರಾತಿ ಕುಸಿದದ್ದು ಆ ಶೋ ಆದ ಮೇಲಲ್ಲ

ಅರ್ಜೆಂಟೀನಾದ ರಾಕ್ ಬ್ಯಾಂಡ್ ಸೋಡಾ ಸ್ಟೀರಿಯೋದ ಎರಡು ಭಾಗದ ಲೈವ್ ಆಲ್ಬಂ ‘ಎಲ್ ಉಲ್ತಿಮೊ ಕೊನ್ಸಿಯೆರ್ತೊ’ (ಅಂದರೆ ‘ಕೊನೆಯ ಕಛೇರಿ’) ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ. ಆ ಆಲ್ಬಂನಲ್ಲಿರುವುದೇ ಬ್ಯಾಂಡಿನ ಕಟ್ಟಕಡೆಯ ಶೋ, ಮುಗಿದ ಕೂಡಲೇ ಗಾಯಕ ಗುಸ್ತಾವೊ ಸೆರಾತಿ ಕುಸಿದುಬಿದ್ದರು ಅಂತ. ಎರಡೂ ತಪ್ಪು.

ಆ ಶೋ ನಡೆದದ್ದು 1997ರ ಸೆಪ್ಟೆಂಬರ್ 20ರಂದು, ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್ ಸ್ಟೇಡಿಯಂನಲ್ಲಿ. ಅವತ್ತು ವಿದಾಯ ಹೇಳಿದ್ದು ನಿಜ. ಸೆರಾತಿ ‘ಗ್ರಾಸಿಯಾಸ್ ತೊತಾಲೆಸ್’ (ಸಂಪೂರ್ಣ ಧನ್ಯವಾದ) ಎಂದು ಕೂಗಿದ್ದು ಆಲ್ಬಂನಲ್ಲೇ ಕೇಳಿಸುತ್ತದೆ. ಆದರೆ 2007ರಲ್ಲಿ ಬ್ಯಾಂಡಿನ ಮೂವರೂ ಮತ್ತೆ ಸೇರಿ ಅದೇ ಸ್ಟೇಡಿಯಂನಲ್ಲಿ ಹಾಡಿದರು. ಆ ಪ್ರವಾಸದ ಲೈವ್ ಆಲ್ಬಂ ಕೂಡ ಇದೆಯಲ್ವಾ?

ಸೆರಾತಿಗೆ ಪಾರ್ಶ್ವವಾಯು ಆದದ್ದು 2010ರ ಮೇ ತಿಂಗಳಲ್ಲಿ, ವೆನೆಜುವೆಲಾದ ಕರಾಕಸ್‌ನಲ್ಲಿ ಒಬ್ಬರೇ ಕೊಟ್ಟ ಶೋ ನಂತರ. ತೀರಿಕೊಂಡದ್ದು 2014ರ ಸೆಪ್ಟೆಂಬರ್ 4ರಂದು. ಎರಡು ಸೆಪ್ಟೆಂಬರ್‌ಗಳು ಕಲಸಿಹೋಗಿರಬೇಕು. ಆ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ.